ದಾಖಲೆಯಲ್ಲಿರುವ ಪಾದ

ಸೈನ್ಯದ ತರಬೇತಿಯಿಂದ ರಜೆಗೆ ಬಂದಿದ್ದ ಮಗಳು ಅಡುಗೆಮನೆಯ ಬಾಗಿಲಲ್ಲಿ ಬೆಳಕಿಗೆ ಬೆನ್ನು ಮಾಡಿ ಕೂತು, ಎಡಗಾಲನ್ನು ಬಲಮಂಡಿಯ ಮೇಲೆ ಎಳೆದುಕೊಂಡು, ಹಿಮ್ಮಡಿಯ ನೀರುಗುಳ್ಳೆಗೆ ಸೂಜಿ ತೂರಿಸುತ್ತಿದ್ದಳು. ಸೂಜಿ ಒಂದು ಕಡೆ ಹೋಗಿ ಇನ್ನೊಂದು ಕಡೆ ಬಂತು; ಹಿಂದೆಯೇ ಬಿಳಿ ದಾರವೂ ಬಂತು. ದಾರವನ್ನು ಗುಳ್ಳೆಯೊಳಗೇ ಬಿಟ್ಟು ಎರಡೂ ತುದಿಗಳನ್ನು ಕತ್ತರಿಯಿಂದ ಕತ್ತರಿಸಿದಾಗ, ಒಂದು ತುದಿಯಲ್ಲಿ ನೀರು ಹನಿಯಾಗಿ ನಿಂತು ನೆಲಕ್ಕೆ ಬಿತ್ತು. ಒಲೆಯ ಮುಂದೆ ಹಾಲು ಕಾಯಲಿಟ್ಟು ನಿಂತಿದ್ದ ತಾಯಿ ಅದನ್ನೇ ನೋಡುತ್ತಿದ್ದಳು. ಸೂಜಿ ತನ್ನ ಹೊಲಿಗೆಡಬ್ಬಿಯದು, ದಾರವೂ ತನ್ನದು. ಚಿಕ್ಕಂದಿನಲ್ಲಿ ಈ ಮಗುವಿಗೆ ಮುಳ್ಳು ಚುಚ್ಚಿದರೆ ತೆಗೆಯಲು ಮೂರು ಮನೆಯವರು ಹಿಡಿದುಕೊಳ್ಳಬೇಕಿತ್ತು.

"ನೋವಾಗಲ್ವೇನೇ?"

"ಮೇಲಿನ ಚರ್ಮ ಸತ್ತಿರತ್ತಮ್ಮ. ಸತ್ತಿದ್ದಕ್ಕೆ ನೋವೆಲ್ಲಿಂದ ಬರ್ಬೇಕು?" ಮಗಳು ಇನ್ನೊಂದು ಕಾಲನ್ನು ಎಳೆದುಕೊಂಡಳು. "ಶನಿವಾರ ಸಾಯಂಕಾಲ ನಮ್ಮ ಬ್ಯಾರಕ್ಕಿಗೆ ಬಂದು ನೋಡ್ಬೇಕು ನೀನು. ನಲವತ್ತು ಜನ ಸಾಲಾಗಿ ಕೂತು ಕಾಲು ಹೊಲ್ಕೋತಾ ಇರ್ತೀವಿ. ದರ್ಜಿ ಅಂಗಡಿ ಥರ."

"ಬೂಟು ದೊಡ್ಡದಾದ್ರೆ ಬದಲಾಯಿಸಿ ಕೊಡಲ್ವಾ?"

"ಇರೋದ್ರಲ್ಲಿ ಚಿಕ್ಕದೇ ಅದು. ಗಂಡಸರ ಅಚ್ಚು. ಮುಂದೆ ಎರಡು ಕಾಲುಚೀಲ ತುಂಬಿ ಸರಿ ಮಾಡ್ಕೋಬಹುದು, ಹಿಂದೆ ಹಿಮ್ಮಡಿ ಮಾತ್ರ ಒರಳಲ್ಲಿ ಒನಕೆ ಆಡಿದ ಹಾಗೆ ಆಡತ್ತೆ. ಎರಡು ಕಾಲುಚೀಲ ಹಾಕ್ಕೊಳ್ಳಿ ಅಂತ ಯಾರೋ ಮಹಾನುಭಾವ ಬರೆದಿಟ್ಟಿದಾನಂತೆ. ನಾವು ದಿನಾ ಮಲಗೋ ಮುಂಚೆ ಅವನನ್ನ ನೆನೆಸ್ಕೋತೀವಿ. ಒಬ್ಬಳು ಹೇಳ್ತಾಳೆ, ಅವನ ಹೆಂಡತಿ ಅವನ ಊಟಕ್ಕೆ ದಿನಾ ಎರಡೆರಡು ಸಲ ಉಪ್ಪು ಹಾಕ್ಲಿ ಅಂತ." ಮಗಳು ನಕ್ಕಳು. "ನಿನ್ನ ಆಫೀಸಲ್ಲೇ ಎಲ್ಲೋ ಇರ್ಬೇಕು ನೋಡಮ್ಮ. ಸಿಕ್ಕಿದ್ರೆ ಹೇಳು, ನಲವತ್ತು ಜನ ಬಂದು ಕಾಲಿಗೆ ಬೀಳ್ತೀವಿ."

ಹಾಲು ಉಕ್ಕಲಿಲ್ಲ. ಸರಿಯಾದ ಹೊತ್ತಿಗೆ ಅವಳು ಒಲೆ ಆರಿಸಿದ್ದಳು. ಅಂಥದ್ದರಲ್ಲಿ ಅವಳು ಎಂದೂ ತಪ್ಪಿದವಳಲ್ಲ. ಗಂಡ ಬಸ್ಸಿನ ಡಿಪೋದಲ್ಲಿ ಸಮಯಪಾಲಕ, ಬೆಳಗಿನ ಐದಕ್ಕೇ ಹೋಗಿಬಿಡುತ್ತಿದ್ದ. ಇಪ್ಪತ್ತು ವರ್ಷದಿಂದ ಮನೆಯ ಬೆಳಗು ಅವಳೊಬ್ಬಳ ಕೈಯಲ್ಲಿ ಚೆಲ್ಲದೆ, ಸೀಯದೆ ನಡೆದುಬಂದಿತ್ತು. ಮಗಳ ಲೋಟಕ್ಕೆ ಹಾಲು ಬಗ್ಗಿಸಿ, ಸಕ್ಕರೆ ಹಾಕಿ, ಮತ್ತೆ ಸಕ್ಕರೆ ಹಾಕಿ, ಎರಡು ಸಲ ಹಾಕಿದೆನೆಂದು ಗೊತ್ತಾಗಿ ಆ ಲೋಟವನ್ನು ತಾನೇ ಕುಡಿದಳು. ಮುಂದಿನ ಕೋಣೆಯ ಗೋಡೆಯಲ್ಲಿ ಗಾಜಿನೊಳಗೆ ಅವಳಿಗೆ ಕಚೇರಿ ಕೊಟ್ಟ ಪತ್ರ ಇತ್ತು. ಸೈನ್ಯದ ಉಡುಪು ವಿಭಾಗದಲ್ಲಿ ಗಣನೀಯ ಉಳಿತಾಯಕ್ಕೆ ಕಾರಣವಾದ ಸಲಹೆಗಾಗಿ ಪ್ರಶಂಸೆ. ಸಲಹೆ ಏನೆಂದು ಅದರಲ್ಲಿ ಬರೆದಿರಲಿಲ್ಲ. ಶಾಲೆಗೆ ಹೋಗುವ ಕಾಲದಲ್ಲಿ ಮಗಳು ಗೆಳತಿಯರನ್ನು ಕರೆತಂದು ಅದನ್ನು ತೋರಿಸುತ್ತಿದ್ದಳು: ನಮ್ಮಮ್ಮ ಸೈನ್ಯಕ್ಕೆ ದುಡ್ಡು ಉಳಿಸಿಕೊಟ್ಟಿದಾಳೆ. ಆ ಹೆಮ್ಮೆಯಿಂದಲೇ ಸೈನ್ಯಕ್ಕೆ ಸೇರಿದಳೇನೋ, ಯಾರು ಬಲ್ಲರು. ಇವಳು ಕೇಳಿರಲಿಲ್ಲ. ಮಕ್ಕಳನ್ನು ಕೆಲವು ಮಾತು ಕೇಳಬಾರದು, ಉತ್ತರ ಬಂದುಬಿಡುತ್ತದೆ.

ಕಚೇರಿಗೆ ಹೋಗುವ ಬಸ್ಸಿನಲ್ಲಿ ತಾಯಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅವಳು ಎದುರಿಗಿದ್ದವರ ಕಾಲುಗಳನ್ನೇ ನೋಡುತ್ತ ಕೂತಳು. ಇಷ್ಟು ದೊಡ್ಡ ದೇಶದಲ್ಲಿ ಎಷ್ಟೊಂದು ಕಾಲು. ಅವಳು ಶಾಲೆಗೆ ಹೋಗುವಾಗ ನಡೆದದ್ದೇ ಕೊನೆಯ ಯುದ್ಧ. ಆಮೇಲೆ ಗಡಿಯಲ್ಲಿ ಗಾಳಿ ಬಿಟ್ಟು ಬೇರೇನೂ ಅಲುಗಿರಲಿಲ್ಲ. ಆದರೂ ಸೈನ್ಯ ಇರಬೇಕು, ಇದ್ದಮೇಲೆ ಉಣ್ಣಬೇಕು, ಉಡಬೇಕು, ಹೊದೆಯಬೇಕು. ಯುದ್ಧವಿಲ್ಲದ ಕಾಲದ ಸೈನ್ಯವೆಂದರೆ ಲಕ್ಷಾಂತರ ಜನರ ಒಂದು ಸಂಸಾರ ಎಂದು ಅವಳಿಗೆ ಅನಿಸುತ್ತಿತ್ತು, ಅದರ ಉಗ್ರಾಣದ ಬೀಗದಕೈ ತನ್ನ ವಿಭಾಗದಲ್ಲಿದೆ ಎಂದೂ. ಕಂಬಳಿ ಎಷ್ಟು ವರ್ಷ ಬಾಳಬೇಕು, ಕೋಟಿಗೆ ಎಷ್ಟು ಗುಂಡಿ, ಎಷ್ಟು ತಿಂಗಳಿಗೊಂದು ಟವೆಲ್ಲು ಎಂಬುದನ್ನು ಹೇಳುವುದು ಅವಳ ಕೆಲಸ. ಒಂದು ಗುಂಡಿ ಕಡಿಮೆ ಮಾಡಿದರೆ ಒಂದು ಆಸ್ಪತ್ರೆ ಕಟ್ಟಬಹುದು. ದೇಶ ದೊಡ್ಡದಾದಷ್ಟೂ ಗುಂಡಿಯೂ ದೊಡ್ಡದಾಗುತ್ತದೆ. ಇದನ್ನು ಅವಳು ಸಂತೋಷದಿಂದಲೇ ಕಲಿತಿದ್ದಳು. ಮನೆಯಲ್ಲಿಯೂ ಅವಳದು ಅದೇ ಲೆಕ್ಕಾಚಾರ: ಮಗಳಿಗೆ ಚಪ್ಪಲಿ, ಶೂ ಕೊಳ್ಳುವಾಗ ಒಂದಳತೆ ದೊಡ್ಡದನ್ನೇ ಕೊಂಡು, ಮುಂದೆ ಹತ್ತಿ ತುರುಕುತ್ತಿದ್ದಳು. ಬೆಳೆಯೋ ಕಾಲು, ಎರಡು ವರ್ಷ ಬರಲಿ. ಮಗು ಓಡುವಾಗ ಟಪ್ ಟಪ್ ಸದ್ದಾಗುತ್ತಿತ್ತು. ಎರಡು ಕಾಲುಚೀಲದ ಯೋಚನೆ ಅಲ್ಲಿಂದಲೇ ಬಂದದ್ದು. ಇಪ್ಪತ್ತು ವರ್ಷದ ಹುಡುಗಿಯರ ಕಾಲು ಇನ್ನು ಬೆಳೆಯುವುದಿಲ್ಲ ಎಂದು ಆಗ ಹೊಳೆದಿರಲಿಲ್ಲ. ಹೊಳೆದಿರಲಿಲ್ಲವೇ? ಬಸ್ಸು ತಿರುವಿನಲ್ಲಿ ವಾಲಿದಾಗ ಅವಳು ಕಂಬಿ ಹಿಡಿದುಕೊಂಡಳು.

ಹನ್ನೊಂದು ವರ್ಷದ ಹಿಂದೆ, ಮೊದಲ ಸಲ ಹೆಂಗಸರನ್ನು ಸೇರಿಸಿಕೊಳ್ಳುವುದೆಂದು ತೀರ್ಮಾನವಾದಾಗ, ಅವರಿಗೆ ಬೇರೆ ಬೂಟು ಬೇಕೇ ಎಂದು ಪ್ರಶ್ನೆ ಬಂತು. ಬೇರೆ ಬೂಟೆಂದರೆ ಕಾರ್ಖಾನೆಯಲ್ಲಿ ಬೇರೆ ಮರದ ಅಚ್ಚುಗಳು, ಪ್ರತಿ ಉಗ್ರಾಣದಲ್ಲಿ ಬೇರೆ ಗೂಡುಗಳು. ಇರುವ ಬೂಟಿಗೆ ಇನ್ನೊಂದು ಜೊತೆ ಕಾಲುಚೀಲ ಕೊಟ್ಟರೆ ಸಾಲದೇ ಎಂದು ಅವಳು ಟಿಪ್ಪಣಿ ಬರೆದಳು. ಪರೀಕ್ಷೆ ಮಾಡಿ ನೋಡೋಣ ಎಂದರು. ಸಭೆಯ ಕೋಣೆಯಲ್ಲಿ ಇದ್ದ ಹೆಂಗಸು ಅವಳೊಬ್ಬಳೇ. ಏಳು ಜನ ಗಂಡಸರು ಮೇಜಿನ ಸುತ್ತ ಕುರ್ಚಿಯನ್ನು ಅವಳತ್ತ ತಿರುಗಿಸಿಕೊಂಡು ಕೂತರು. ಅವಳು ಗೋಡೆಯ ಕಡೆ ಮುಖ ಮಾಡಿ ಬೂಟು ಹಾಕಿಕೊಂಡು, ಬಟ್ಟೆಯ ಅಂಚನ್ನು ಗೇಣುದ್ದ ಎತ್ತಿ ಹಿಡಿದು ಬಾಗಿಲತನಕ ಹೋಗಿ ಬಂದಳು. ಹನ್ನೆರಡು ಹೆಜ್ಜೆ. "ನಮ್ಮ ಸೈನ್ಯದ ಮೊದಲನೇ ಗೆಜ್ಜೆ ಕಾಲು," ಎಂದರು ಒಬ್ಬರು. ಎಲ್ಲರೂ ನಕ್ಕರು, ಕೆಟ್ಟದಾಗಿ ಏನಲ್ಲ, ಮನೆಯವರು ನಕ್ಕಂತೆ. ಹೇಗಿದೆ ಎಂದು ಕೇಳಿದರು. ಮೂರನೆಯ ಹೆಜ್ಜೆಗೇ ಹಿಮ್ಮಡಿ ಎದ್ದು ಬಿದ್ದು ಆಡುತ್ತಿತ್ತು. ಬಾಗಿಲ ಹತ್ತಿರ ತಿರುಗುವಾಗ ಕಾಲು ತಿರುಗಿತ್ತು, ಬೂಟು ತಿರುಗಿರಲಿಲ್ಲ. ಅದನ್ನು ಹೇಳಿದರೆ ಇನ್ನೊಮ್ಮೆ ನಡೆದು ತೋರಿಸಿ ಎನ್ನುತ್ತಾರೆ, ಬಗ್ಗಿ ನೋಡುತ್ತಾರೆ, ಬೆರಳಿಟ್ಟು ಎಲ್ಲಿ ಎಂದು ಕೇಳುತ್ತಾರೆ. ಅವಳಿಗೆ ಕೂತು ಅದನ್ನು ಬಿಚ್ಚಿದರೆ ಸಾಕಾಗಿತ್ತು. ಸರಿಯಾಗಿದೆ ಸಾರ್, ಎಂದಳು.

ಕಚೇರಿಯಲ್ಲಿ ವಿಭಾಗದ ಮುಖ್ಯಸ್ಥ ಅವಳಿಗಾಗಿ ಕಾದಿದ್ದ. ಅವಳಿಗಿಂತ ಆರು ವರ್ಷ ಚಿಕ್ಕವನು. ಸಮಾಧಾನದ ಮನುಷ್ಯ, ಯಾರನ್ನೂ ನೋಯಿಸದೆ ನಿವೃತ್ತನಾಗಬೇಕೆಂಬ ಆಸೆಯವನು. ಮೇಜಿನ ಮೇಲೆ ಕಡತ ತೆರೆದಿತ್ತು. ತರಬೇತಿ ಶಿಬಿರದ ವೈದ್ಯೆಯೊಬ್ಬಳು ನಾಲ್ಕೇ ಸಾಲಿನ ಪತ್ರ ಬರೆದಿದ್ದಳು: ಕಾಲಿನ ಗಾಯದಿಂದ ಹುಡುಗಿಯರಿಗೆ ತರಬೇತಿ ತಪ್ಪುವ ದಿನಗಳು ಹೆಚ್ಚಾಗಿವೆ, ಹೆಂಗಸರ ಅಚ್ಚಿನ ಬೂಟು ಬೇಕು. ಹನ್ನೊಂದೂವರೆಗೆ ಹಣಕಾಸಿನವರೊಂದಿಗೆ ಸಭೆ.

"ಸುಲಭ ಇದೆ ಮೇಡಂ," ಎಂದ ಅವನು. "ಹಿಂದೆ ಪರೀಕ್ಷೆ ಆಗಿದೆ, ತೀರ್ಮಾನ ಆಗಿದೆ, ಬದಲಾವಣೆ ಬೇಕಾಗಿಲ್ಲ. ಎರಡು ಸಾಲು ಬರೆದುಬಿಡಿ."

"ಆ ಪರೀಕ್ಷೆ ನಾನೇ ಮಾಡಿದ್ದು ಸಾರ್."

"ಗೊತ್ತು. ಆದ್ರೆ ಫೈಲಲ್ಲಿ 'ಮಹಿಳಾ ಸಿಬ್ಬಂದಿಯೊಬ್ಬರು' ಅಂತ ಮಾತ್ರ ಇದೆ. ಹೆಸರಿಲ್ಲ." ಅವನು ದನಿ ತಗ್ಗಿಸಿದ. "ಎರಡು ತಿಂಗಳಲ್ಲಿ ನಿಮ್ಮ ಬಡ್ತಿ ಪಟ್ಟಿ ಬರತ್ತೆ. ಮಲಗಿರೋ ನಾಯೀನ ಕಲ್ಲು ಹೊಡೆದು ಯಾಕೆ ಎಬ್ಬಿಸ್ತೀರಿ? ಬೇಕಾದ್ರೆ ಕಾಲುಚೀಲ ಸ್ವಲ್ಪ ದಪ್ಪದ್ದು ಕೊಡೋಣ. ದಾನನೂ ಆಯ್ತು, ಧರ್ಮನೂ ಆಯ್ತು."

ಅವಳು ಹಳೆಯ ಪರೀಕ್ಷೆಯ ಪುಟ ತಿರುವಿದಳು. ಧರಿಸಿ, ನಡೆದು, ಸಂಪೂರ್ಣ ತೃಪ್ತಿ ವ್ಯಕ್ತಪಡಿಸಿದ್ದಾರೆ. ಸಂಪೂರ್ಣ ಎಂಬ ಪದ ತಾನು ಹೇಳಿದ್ದಲ್ಲ, ಬರೆದುಕೊಂಡವರು ಸೇರಿಸಿದ್ದು. ಅಷ್ಟಕ್ಕೇ ಒಂದು ಕ್ಷಣ ಮನಸ್ಸು ಹಗುರಾಯಿತು, ಮರುಕ್ಷಣ ಆ ಹಗುರಕ್ಕೇ ನಾಚಿಕೆಯಾಯಿತು. ಕಳ್ಳ ಸಿಕ್ಕಿಬಿದ್ದು, ನಾನು ಕದ್ದದ್ದು ಒಂಬತ್ತೇ, ಹತ್ತಲ್ಲ ಎಂದಂತೆ. ಈ ಒಂದು ಸಾಲಿನ ಮೇಲೆ ಹನ್ನೊಂದು ವರ್ಷ ಎಷ್ಟು ಹುಡುಗಿಯರು ನಡೆದಿದ್ದಾರೆ. ಅದರ ಅಂಕಿ ಅವಳಿಗೆ ಗೊತ್ತಿತ್ತು, ಕಾಲುಚೀಲದ ಬೇಡಿಕೆ ಪ್ರತಿವರ್ಷ ಅವಳ ಮೇಜಿನ ಮೇಲಿಂದಲೇ ಹೋಗುತ್ತಿತ್ತು. ಎಷ್ಟೋ ಸಲ ಆ ಅಂಕಿಗೆ ರುಜು ಹಾಕುತ್ತ ಅವಳಿಗೆ ಹೆಮ್ಮೆಯೂ ಆಗಿತ್ತು. ಈಗ ಆ ಸಾಲಿನ ಕೊನೆಯಲ್ಲಿ ಅಡುಗೆಮನೆಯ ಬಾಗಿಲಲ್ಲಿ ಒಬ್ಬಳು ಕೂತಿದ್ದಳು, ಬೆಳಕಿಗೆ ಬೆನ್ನು ಮಾಡಿ. ತನ್ನ ಮಗಳಾದ್ದರಿಂದಲೇ ಕಾಣಿಸಿತಲ್ಲ ಎಂಬುದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಹಣಕಾಸಿನ ಸಲಹೆಗಾರರನ್ನು ಎಲ್ಲರೂ ಬೆನ್ನಹಿಂದೆ ಕತ್ತರಿ ಸಾಹೇಬರು ಎನ್ನುತ್ತಿದ್ದರು. ಅವರಿಗೂ ಅದು ಗೊತ್ತಿತ್ತು. ತೆಳ್ಳಗಿನ, ಮೆಲುದನಿಯ ಮನುಷ್ಯ, ಬಾಯಲ್ಲಿ ಯಾವಾಗಲೂ ಒಂದು ಪೆಪ್ಪರಮಿಂಟು. ಅವರು ವೈದ್ಯೆಯ ಪತ್ರವನ್ನೂ ಹಳೆಯ ಪುಟವನ್ನೂ ಅಕ್ಕಪಕ್ಕ ಇಟ್ಟು ಓದಿದರು.

"ಆವತ್ತು ಸರಿ ಇತ್ತು, ಇವತ್ತು ಸರಿ ಇಲ್ಲ. ಈ ಮಧ್ಯೆ ಬದಲಾಗಿದ್ದು ಏನು, ಬೂಟೋ ಕಾಲೋ? ಪರೀಕ್ಷೆ ಮಾಡಿದ ಆ ಸಿಬ್ಬಂದಿ ಈಗಲೂ ಕೆಲಸದಲ್ಲಿದಾರಾ, ಕೇಳಿ ನೋಡೋಣ."

ಮುಖ್ಯಸ್ಥ ಲೋಟದ ಚಹಾ ನೋಡಿದ. ಅದರಲ್ಲಿ ನೊಣ ಬಿದ್ದಿರಲಿಲ್ಲ, ಆದರೂ ನೋಡುತ್ತಲೇ ಇದ್ದ.

"ನಾನೇ ಸಾರ್," ಎಂದಳು ಅವಳು. ತನ್ನ ದನಿ ಎಷ್ಟು ಸಾಧಾರಣವಾಗಿದೆಯಲ್ಲ ಎಂದು ಆಶ್ಚರ್ಯವಾಯಿತು. ತರಕಾರಿಯವನಿಗೆ ಚಿಲ್ಲರೆ ಇದೆ ಎಂದಂತಿತ್ತು. "ಬೂಟೂ ಬದಲಾಗಿಲ್ಲ, ಕಾಲೂ ಬದಲಾಗಿಲ್ಲ. ಆವತ್ತೇ ಅದು ಸರಿ ಇರಲಿಲ್ಲ. ನಾನು ಸುಳ್ಳು ಹೇಳಿದೆ."

ಪೆಪ್ಪರಮಿಂಟು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಹೋಯಿತು. "ಯಾಕೆ?"

"ನಾಚಿಕೆ ಆಯ್ತು ಸಾರ್."

ಅವರು ಅದನ್ನು ಬರೆದುಕೊಳ್ಳಲಿಲ್ಲ. "ನೋಡಿ ಮೇಡಂ, ನಿಮ್ಮ ಮಾತನ್ನ ನಾನು ನಂಬ್ತೀನಿ. ಆದರೆ ಫೈಲು ನಂಬಲ್ಲ. ಅಲ್ಲಿ ಒಂದು ಪರೀಕ್ಷೆ ಇದೆ, ಇಲ್ಲಿ ಒಂದು ಮಾತಿದೆ. ಹೆಂಗಸರ ಅಚ್ಚು ಮಾಡಿಸೋ ದುಡ್ಡಿಗೆ ಗಡಿಯ ಕಡೆ ಎರಡು ಸೇತುವೆ ರಿಪೇರಿ ಆಗತ್ತೆ. ಸೇತುವೆಯವರು ಬಂದು ಕೇಳಿದ್ರೆ ಏನು ಹೇಳ್ಲಿ, ಒಬ್ಬರಿಗೆ ನಾಚಿಕೆ ಆಗಿತ್ತು ಅಂತನಾ?"

"ಹಾಗಾದ್ರೆ ಇನ್ನೊಂದು ಪರೀಕ್ಷೆ ಆಗ್ಲಿ ಸಾರ್. ಇವತ್ತೇ."

"ಯಾರು ಮಾಡ್ತಾರೆ?"

"ದಾಖಲೆಯಲ್ಲಿರೋ ಪಾದ ನಂದೇ ತಾನೆ."

ನೆಲಮಾಳಿಗೆಯ ನಮೂನೆ ಕೋಣೆಯಲ್ಲಿ ಸೈನ್ಯದ ಪ್ರತಿಯೊಂದು ವಸ್ತುವೂ ಒಂದೊಂದು ಇತ್ತು: ಒಂದು ಕೋಟು, ಒಂದು ಚಮಚ, ಒಂದು ದಿಂಬು. ಊರೂರಿನ ಗುತ್ತಿಗೆದಾರರು ತಯಾರಿಸಿ ಕಳಿಸುವ ಲಕ್ಷ ಕೋಟುಗಳನ್ನು ಈ ಒಂದರ ಪಕ್ಕ ಹಿಡಿದು ನೋಡುತ್ತಿದ್ದರು. ಅದಕ್ಕೆಂದೇ ಪ್ರತಿಯೊಂದಕ್ಕೂ ಅರಗಿನ ಮುದ್ರೆ. ಅವನ್ನು ಕಾಯುವ ಮುದುಕ ಹಳೆಯ ಸಿಪಾಯಿ, ತಿಂಗಳಿಗೊಮ್ಮೆ ಬೂಟುಗಳಿಗೆ ಎಣ್ಣೆ ತಿಕ್ಕಿ ಮಗುವಿನಂತೆ ನೋಡಿಕೊಳ್ಳುತ್ತಿದ್ದ. ಬೂಟಿನ ಮುದ್ರೆ ಒಡೆಯಲು ಮೂರು ರುಜು ಬೇಕೆಂದು ಹಟ ಹಿಡಿದ. ಮೂರೂ ಸಿಕ್ಕಮೇಲೆ, ಚಾಕುವಿನಿಂದ ಅರಗು ಎಬ್ಬಿಸುತ್ತ, "ಇದನ್ನ ಕೊನೇ ಸಲ ಹಾಕ್ಕೊಂಡಿದ್ದು ನೀವೇ ಕಣಮ್ಮ, ಆಮೇಲೆ ಯಾರ ಕಾಲೂ ಸೋಕಿಲ್ಲ," ಎಂದ. ಅವಳು ಒಳಗೆ ಕೈ ಹಾಕಿ ನೋಡಿದಳು. ಹನ್ನೆರಡು ಹೆಜ್ಜೆಗೆ ಪಾದದ ಗುರುತು ಉಳಿಯುವುದಿಲ್ಲ. ಹೊಸದರಂತೆಯೇ ಇತ್ತು.

ತರಬೇತಿಯಲ್ಲಿ ಹುಡುಗಿಯರು ಶನಿವಾರ ನಡೆಯುವುದು ಹತ್ತು ಕಿಲೋಮೀಟರು, ಬೆನ್ನ ಮೇಲೆ ಹೊರೆ ಬೇರೆ. ಕಚೇರಿಯ ಮೊದಲ ಮಹಡಿಯ ಪಡಸಾಲೆ ನಾಲ್ಕೂ ಕಡೆ ಸುತ್ತಿ ಬಂದರೆ ಕಾಲು ಕಿಲೋಮೀಟರು. ನಲವತ್ತು ಸುತ್ತು. ಮುದುಕ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು, ಒಂದು ಡಬ್ಬಿಯಲ್ಲಿ ನಲವತ್ತು ಹಿತ್ತಾಳೆ ಗುಂಡಿ ಹಾಕಿಕೊಂಡು ಕೂತ. ಒಂದು ಸುತ್ತಿಗೆ ಒಂದು ಗುಂಡಿ ಆ ಡಬ್ಬಿಯಿಂದ ಈ ಡಬ್ಬಿಗೆ ಟಣ್ ಎಂದು ಬೀಳುತ್ತಿತ್ತು.

ಮೊದಲ ಸುತ್ತುಗಳಲ್ಲಿ ಎಲ್ಲ ಬಾಗಿಲುಗಳಲ್ಲೂ ಮುಖಗಳು. "ಅಮ್ಮಂಗೆ ಯುದ್ಧಕ್ಕೆ ಕರೆ ಬಂದಿದೆ ಕಣೋ," ಎಂದ ಒಬ್ಬ ಗುಮಾಸ್ತ. "ಹೋಗ್ಲಿ ಬಿಡು, ಇನ್ನು ಶತ್ರುಗಳಿಗೆ ವರ್ಷಕ್ಕೊಂದೇ ಟವೆಲ್ಲು," ಎಂದ ಇನ್ನೊಬ್ಬ. ಅವಳಿಗೂ ನಗು ಬಂತು. ಕಿವಿ ಬೆಚ್ಚಗಾಯಿತು, ಬಟ್ಟೆಯ ಅಂಚನ್ನು ಕೈ ತಾನಾಗಿಯೇ ಕೆಳಗೆಳೆಯಿತು. ಆಮೇಲೆ ಬೂಟು ಕಾಣಲೆಂದು ಅವಳೇ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎಂಟನೆಯ ಸುತ್ತಿಗೆ ಮುಖಗಳು ಒಳಗೆ ಹೋದವು. ಹತ್ತರಲ್ಲಿ ಹಿಮ್ಮಡಿ ಬಿಸಿಯಾಯಿತು, ಹದಿನೈದರಲ್ಲಿ ಉರಿಯಿತು. ಟಪ್ ಟಪ್ ಎಂಬ ಸದ್ದು ನಾಲ್ಕು ಗೋಡೆಗೂ ತಾಗಿ ವಾಪಸು ಬರುತ್ತಿತ್ತು. ಈ ಸದ್ದು ಅವಳಿಗೆ ಗೊತ್ತು. ಸಂಜೆ ಮಗಳು ಶಾಲೆಯಿಂದ ಬರುವಾಗ ಬೀದಿಯ ತಿರುವಿನಿಂದಲೇ ಕೇಳುತ್ತಿತ್ತು, ಹತ್ತಿ ತುಂಬಿದ ಶೂಗಳ ಸದ್ದು. ಮಗು ಒಂದು ದಿನವಾದರೂ ದೊಡ್ಡದಾಯಿತಮ್ಮ ಎಂದಿತ್ತೇ? ಇಲ್ಲ. ಓಟದ ಪಂದ್ಯದಲ್ಲಿ ಬಿದ್ದು ಬಂದ ದಿನವೂ ಮಂಡಿ ತೋರಿಸಿತ್ತೇ ಹೊರತು ಶೂ ತೋರಿಸಿರಲಿಲ್ಲ. ಸರಿಯಾಗಿದೆ ಎನ್ನುವುದನ್ನು ಅದು ಎಲ್ಲಿ ಕಲಿಯಿತು? ಟಣ್. ಇಪ್ಪತ್ತಮೂರು, ಎಂದ ಮುದುಕ. ತಿರುವಿನಲ್ಲಿ ಕಾಲು ತಿರುಗಿತು, ಬೂಟು ತಡವಾಗಿ ತಿರುಗಿತು, ಬಲಗಾಲಿನ ಹಿಂದೆ ಏನೋ ಬಿಚ್ಚಿಕೊಂಡಂತಾಗಿ ಒದ್ದೆಯಾಯಿತು. ನೋವು ವಿಚಿತ್ರವಾಗಿ ಶಾಂತವಾಗಿತ್ತು. ಬಹಳ ದಿನದಿಂದ ಬರಬೇಕಾಗಿದ್ದ ನೆಂಟರು ಬಂದು ಕೂತಂತೆ.

ಮೂವತ್ತೊಂದನೆಯ ಸುತ್ತಿಗೆ ಕತ್ತರಿ ಸಾಹೇಬರು ಊಟ ಮುಗಿಸಿ ಬಂದು ಅವಳ ನಡಿಗೆ ನೋಡಿದರು. "ಸಾಕು ಮೇಡಂ. ಗೊತ್ತಾಯ್ತು."

"ಇನ್ನೂ ಒಂಬತ್ತು ಗುಂಡಿ ಇದೆ ಸಾರ್."

ಅವರು ಹೋಗಲಿಲ್ಲ. ಮುದುಕನ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತರು. ಕೊನೆಯ ಗುಂಡಿ ಬಿದ್ದಮೇಲೆ ಅವಳು ಸ್ಟೂಲಿನ ಮೇಲೆ ಕೂತು ಬೂಟು ಬಿಚ್ಚಿದಳು, ಈ ಸಲ ಗೋಡೆಗೆ ಮುಖ ಮಾಡದೆ. ಎರಡು ಕಾಲುಚೀಲದಲ್ಲಿ ಒಳಗಿನದು ಚರ್ಮಕ್ಕೆ ಅಂಟಿತ್ತು. ಅವರು ಬಗ್ಗಿ ನೋಡಿದರು, ಎಲ್ಲಿ ಎಂದು ಕೇಳಿದರು. ಅವಳು ಬೆರಳಿಟ್ಟು ತೋರಿಸಿದಳು. ಅಷ್ಟೇ. ಅದರಲ್ಲಿ ಸಾಯುವಂಥದ್ದು ಏನೂ ಇರಲಿಲ್ಲ. ಅವರು ನಿಂತೇ ಕಡತದಲ್ಲಿ ಬರೆದರು: ನನ್ನ ಸಮಕ್ಷಮದಲ್ಲಿ ಮರುಪರೀಕ್ಷೆ ನಡೆಯಿತು, ಬೂಟು ಸೂಕ್ತವಲ್ಲ, ಹೆಂಗಸರ ಅಚ್ಚಿಗೆ ಮುಂದಿನ ವರ್ಷದ ಹಣದಲ್ಲಿ ಅವಕಾಶ ಕಲ್ಪಿಸಬಹುದು.

"ಈ ವರ್ಷ ಸಾರ್?"

"ಈ ವರ್ಷದ್ದು ಹಂಚಿ ಆಗಿದೆ ಮೇಡಂ. ದೊಡ್ಡ ಸಂಸಾರ." ಪೆನ್ನು ಮುಚ್ಚದೆ, "ಪರೀಕ್ಷೆ ಮಾಡಿದವರ ಹೆಸರು ಬರೀಬೇಕಾಗತ್ತೆ. ಎರಡು ಪರೀಕ್ಷೆಗೂ," ಎಂದರು.

"ಬರೀರಿ ಸಾರ್."

ಮುಖ್ಯಸ್ಥ ಮೆಟ್ಟಿಲ ತನಕ ಬಂದು, "ಬಡ್ತಿ ವಿಷಯ..." ಎಂದು ಶುರುಮಾಡಿ ಅಲ್ಲಿಗೇ ಬಿಟ್ಟು, ಅವಳ ಚೀಲವನ್ನು ಬಸ್ಸಿನ ತನಕ ಹಿಡಿದುಕೊಂಡು ಬಂದ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು, ಗೋಡೆ ಹಿಡಿದು ಒಳಗೆ ಬಂದವಳನ್ನು ಮಗಳು ನೋಡಿದಳು. ತೋಳು ಹಿಡಿದು ಕೂರಿಸಿ, ಅವಳ ಎಡಪಾದವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಬೆಳಕಿನ ಕಡೆ ತಿರುಗಿಸಿದಳು. ಹಿಮ್ಮಡಿಯ ಹಿಂದೆ, ನರದ ಎಡಬದಿಗೆ, ಉದ್ದನೆಯ ಗುಳ್ಳೆ.

"ಇದು ನಮ್ಮ ಬೂಟಿನದು," ಎಂದಳು ಮಗಳು. "ಇಲ್ಲಿ ಬೇರೆ ಯಾವುದ್ರಿಂದಲೂ ಆಗಲ್ಲ. ಎಲ್ಲಿ ಹಾಕ್ಕೊಂಡೆ?"

"ಆಫೀಸಲ್ಲಿ. ಹನ್ನೊಂದು ವರ್ಷದ ಹಿಂದೆ ಹಾಕ್ಕೊಂಡೆ, ಇವತ್ತು ಮತ್ತೆ ಹಾಕ್ಕೊಂಡೆ." ದಾರಿಯುದ್ದಕ್ಕೂ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. "ಎರಡು ಕಾಲುಚೀಲ ಹಾಕ್ಕೊಂಡ್ರೆ ಸಾಕು ಅಂತ ಬರೆದಿದ್ದು ನಾನು ಕಣೇ. ಹಾಕ್ಕೊಂಡು ಹನ್ನೆರಡು ಹೆಜ್ಜೆ ನಡೆದು, ಸರಿಯಾಗಿದೆ ಅಂದಿದ್ದೂ ನಾನೇ. ಸರಿ ಇರಲಿಲ್ಲ. ಗೊತ್ತಿತ್ತು ನಂಗೆ."

ಮಗಳು ತಲೆಯೆತ್ತಿ ಗೋಡೆಯ ಮೇಲಿನ ಪತ್ರ ನೋಡಿದಳು. ಬಹಳ ಹೊತ್ತು ನೋಡಿದಳು; ಅದರಲ್ಲಿದ್ದದ್ದು ಎರಡೇ ಸಾಲು. ಆಮೇಲೆ ಕೈಚಾಚಿ ಹೊಲಿಗೆಡಬ್ಬಿ ತೆಗೆದು, ಸೂಜಿಯ ಕಣ್ಣಿಗೆ ದಾರ ಪೋಣಿಸತೊಡಗಿದಳು. ಮೊದಲ ಸಲ ಹೋಗಲಿಲ್ಲ. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಮತ್ತೆ ಪೋಣಿಸಿದಳು.

"ಮೀಸೆ ಇರತ್ತೆ ಅಂದ್ಕೊಂಡಿದ್ವಿ ನಾವು ಅವನಿಗೆ," ಎಂದಳು.

ತಾಯಿಗೆ ನಗಲೂ ಆಗಲಿಲ್ಲ, ಮತ್ತೊಂದೂ ಆಗಲಿಲ್ಲ. ಸೂಜಿ ಒಂದು ಕಡೆ ಹೋಗಿ ಇನ್ನೊಂದು ಕಡೆ ಬಂತು. ನಿಜ, ನೋವಾಗಲಿಲ್ಲ.

"ಬದಲಾಯಿಸ್ತಾರಂತಾ?"

"ಮುಂದಿನ ವರ್ಷ."

"ಅಷ್ಟರಲ್ಲಿ ಎಷ್ಟು ಜನ ಸೇರ್ತಾರೆ?"

"ಸಾವಿರದ ಎಂಟುನೂರ ನಲವತ್ತು."

ಕತ್ತರಿ ಮಗಳ ಕೈಗೆಟುಕುವಲ್ಲೇ ಇತ್ತು. ಅವಳು ಅದನ್ನು ತೆಗೆದುಕೊಳ್ಳಲಿಲ್ಲ. ಹೊಲಿಯುವಾಗ ತಾಯಿ ಯಾವಾಗಲೂ ಮಾಡುತ್ತಿದ್ದ ಹಾಗೆ ಬಗ್ಗಿ ಹಲ್ಲಿನಿಂದಲೇ ದಾರ ಕಡಿದಳು. ಅವಳ ಉಸಿರು ಹಿಮ್ಮಡಿಗೆ ಬೆಚ್ಚಗೆ ತಾಗಿತು.

"ದಾರ ಹಾಗೇ ಇರ್ಲಿ, ಬೆಳಗಿನ ತನಕ ಎಳೀಬೇಡ," ಎಂದು, ಆ ಪಾದವನ್ನು ಮೆಲ್ಲಗೆ ನೆಲಕ್ಕಿಳಿಸಿ, ತೊಡೆಯ ಮೇಲಿನ ಬಟ್ಟೆ ಸರಿಮಾಡಿಕೊಂಡಳು. "ಇನ್ನೊಂದು ಕಾಲು ಕೊಡು."